ಗಡಿನಾಡಿನ ಶಾಲಾವರಣದಲ್ಲಿ ಪ್ರಕೃತಿ ಪರಿವೀಕ್ಷಣೆ

ಕಾಸರಗೋಡು ಎಂಬ ಊರ ಹೆಸರಿಗೆ ಕಾಸರಕ ಮರವೇ ಮೂಲವೆಂದು ಹಲವರ ಅಭಿಪ್ರಾಯ. ಅದೇ ಮರವನ್ನು ಮಲಯಾಳದಲ್ಲಿ ಕಾಞ್ಞಿರಂ ಎನ್ನುತ್ತಾರೆ. 2023ರಲ್ಲಿ ಅದನ್ನು ಕಾಸರಗೋಡು ಜಿಲ್ಲೆಯ ಮರವೆಂದು ಘೋಷಿಸಿದ್ದೂ ಆಗಿದೆ. ಆದರೆ ಜಿಲ್ಲೆಯ ಯಾವುದಾದರೊಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ಹೋಗಿ, ಕಾಸರಕದ ಎಲೆಯ ಬುಡದಿಂದ ಎಷ್ಟು ನರಗಳು ಎದ್ದು ಹೊರಡುತ್ತವೆ ಎಂದು ಪ್ರಶ್ನಿಸಿದರೆ ಎಷ್ಟು ಮಂದಿ ಮಕ್ಕಳು ಕೈ ಎತ್ತಿಯಾರು? ಹೆಸರು ಬಾಯಲ್ಲಿದೆ, ಮರ ಕಣ್ಣಿಗೆ ಬಿದ್ದಿಲ್ಲ. ಮೂರರಿಂದ ಐದು ನರಗಳೆಂಬ ಉತ್ತರವನ್ನು ನಾವು ಕರಿಹಲಗೆಯ ಮೇಲೆ ಬರೆದುಕೊಡಬಹುದು. ಹಾಗೆ ಬರೆದುಕೊಟ್ಟ ಉತ್ತರ ಪರೀಕ್ಷೆಯ ದಿನದವರೆಗೆ ಉಳಿದೀತು, ಅಷ್ಟೆ.

ಶಾಲೆಯ ಗೋಡೆಯ ಹೊರಗೆ, ಆದರೆ ಶಾಲೆಯ ಬೇಲಿಯ ಒಳಗೆ, ಮಕ್ಕಳ ಕಣ್ಣು ಕೈಗಳಿಗೆ ದೊರೆಯುವ ಸೃಷ್ಟಿಪಾಠವನ್ನು ಹೇಗೆ ನಡೆಸಬಹುದು ಮತ್ತು ಗಡಿನಾಡಿನ ಕನ್ನಡ ಶಾಲೆಗಳಿಗೆ ಅದು ಏಕೆ ಅತ್ಯಗತ್ಯ ಎಂಬುದನ್ನು ಉಪಾಧ್ಯಾಯ ಬಂಧುಗಳ ಮುಂದೆ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಹೇಳಿರುವ ಯಾವ ಪ್ರಯೋಗಕ್ಕೂ ಪ್ರಯೋಗಶಾಲೆ ಬೇಡ. ಹಗ್ಗ, ಕೋಲು, ಡಬ್ಬಿ, ಪುಸ್ತಕ ಇಷ್ಟಿದ್ದರೆ ಸಾಕು.

ವಿಚಾರ ಹೊಸದಲ್ಲ

ಪ್ರಕೃತಿಯ ನಡುವೆ ಶಿಕ್ಷಣ ನಡೆಯಬೇಕೆಂಬುದು ನಮ್ಮ ಕಾಲದ ಶೋಧವೇನೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ 1890ರ ದಶಕದಲ್ಲಿ ಬೇಸಾಯ ಕುಸಿದು ಹಳ್ಳಿಯ ಯುವಜನರು ಪಟ್ಟಣಗಳಿಗೆ ಹೊರಟುಹೋಗತೊಡಗಿದಾಗ, ಮಕ್ಕಳಿಗೆ ತಮ್ಮ ನೆಲದ ಪರಿಚಯವಾಗಲೆಂದು ಶಾಲೆಗಳಲ್ಲಿ ಪ್ರಕೃತಿಪಾಠವನ್ನು ಆರಂಭಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಆನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಎಂಬ ವಿದುಷಿ 1911ರಲ್ಲಿ ಉಪಾಧ್ಯಾಯರಿಗಾಗಿ ಈ ವಿಷಯದ ದೊಡ್ಡ ಕೈಪಿಡಿಯೊಂದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ರವೀಂದ್ರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದು ಮರದ ನೆರಳಿನಲ್ಲಿ ತರಗತಿ ನಡೆಸಿದರು. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಗಾಂಧೀಜಿಯವರ ಮೂಲಶಿಕ್ಷಣವು ಕೈಕೆಲಸವನ್ನೇ ವಿದ್ಯೆಯ ನಡುಗಂಬವಾಗಿ ಮಾಡಿತು.

ಕನ್ನಡದಲ್ಲಿಯೂ ಈ ಪರಂಪರೆ ದುರ್ಬಲವಾಗಿಲ್ಲ. ನಮ್ಮ ನೆರೆಯ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಗ್ರಂಥವಾಗಿ ಬರೆದರು. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕರ್ನಾಟಕದ ಗಡಿಯಾಚೆ ಕೆಲಸ ಮಾಡುತ್ತಿದ್ದ ಕನ್ನಡ ಅಧ್ಯಾಪಕರೊಬ್ಬರ ಕೊಡುಗೆ ಇದು ಎಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು.

ನಮ್ಮ ಶಾಲೆಗಳ ವಿಶೇಷ ತೊಡಕು

1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಗಳು ಎಷ್ಟು ಉಳಿದಿವೆ, ಎಷ್ಟು ಹುದ್ದೆಗಳು ತುಂಬಿವೆ ಎಂಬ ಚರ್ಚೆ ನಡೆಯುತ್ತಲೇ ಇದೆ, ನಡೆಯಬೇಕಾದದ್ದೇ. ಆದರೆ ಶಾಲೆ ಉಳಿದೂ ಭಾಷೆ ತೆಳುವಾಗುವ ಇನ್ನೊಂದು ಬಗೆಯುಂಟು. ಅದರ ಕಡೆಗೆ ನಮ್ಮ ಗಮನ ಸಾಲದು.

ಇದು ಸಪ್ತಭಾಷೆಗಳ ನಾಡು. ನಮ್ಮ ಕನ್ನಡ ತರಗತಿಯಲ್ಲಿ ಕುಳಿತ ಮಗುವಿನ ಮನೆಮಾತು ತುಳು ಇರಬಹುದು. ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಯಾವುದೂ ಇರಬಹುದು. ಆ ಮಗುವಿಗೆ ಕನ್ನಡವು ಪುಸ್ತಕದಲ್ಲಿ ಭೇಟಿಯಾಗುವ ಭಾಷೆ. ಗೆದ್ದಲು, ಚಿಗುರು, ತೊಟ್ಟು, ಪೊಟರೆ, ಹಾವಸೆ ಮೊದಲಾದ ಮಾತುಗಳು ಅದಕ್ಕೆ ಅರ್ಥಕೋಶದ ಪದಗಳಾಗಿ ಬರುತ್ತವೆಯೇ ಹೊರತು ವಸ್ತುಗಳಾಗಿ ಬರುವುದಿಲ್ಲ. ಹುಲ್ಲಿಗೆ, ಹುಳುವಿಗೆ, ಮಳೆಗೆ ಅಂಟಿಕೊಳ್ಳದ ಭಾಷೆ ಕಡೆಗೆ ಉತ್ತರಪತ್ರಿಕೆಯ ಭಾಷೆಯಾಗಿ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಅದರ ಕೆಲಸವೂ ಮುಗಿಯುತ್ತದೆ. ಹೀಗಿರಲು, ಮೊದಲು ವಸ್ತು, ಅನಂತರ ಮನೆಯ ಹೆಸರು, ಆಮೇಲೆ ಕನ್ನಡದ ಹೆಸರು ಎಂಬ ಕ್ರಮ ನಮಗೆ ಬೇಕು. ಈ ಮೂರೂ ಒಂದೆಡೆ ಕೂಡುವ ಸ್ಥಳ ಶಾಲೆಯ ಬಯಲು.

ಒಂದು ಚೌಕದ ಪಾಠ

ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ಬಯಲಿನ ಒಂದು ಮೂಲೆಯಲ್ಲಿ ಮೀಟರು ಉದ್ದ, ಮೀಟರು ಅಗಲದ ಚೌಕವೊಂದನ್ನು ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ ಗುರುತಿಸಬೇಕು. ಐದಾರು ಮಕ್ಕಳ ಒಂದು ತಂಡಕ್ಕೆ ಒಂದು ಚೌಕ. ವರ್ಷವಿಡೀ ಅದೇ ಚೌಕ. ವಾರಕ್ಕೊಮ್ಮೆ ಹತ್ತು ನಿಮಿಷ ಅದರ ಮುಂದೆ ಕುಳಿತು ಎಷ್ಟು ಬಗೆಯ ಗಿಡಗಳಿವೆ, ಎಷ್ಟೆತ್ತರ ಬೆಳೆದಿವೆ, ಯಾವುದು ಹೂ ಬಿಟ್ಟಿತು, ಯಾವ ಹುಳು ಬಂದಿತು ಎಂಬುದನ್ನು ಬರೆಯುವುದು. ಬರಿಯ ಮುರಕಲ್ಲಿನ ನೆಲ ಜುಲೈಯಲ್ಲಿ ಹಸುರಾಗಿ, ಅಕ್ಟೋಬರಿನಲ್ಲಿ ಬೀಜ ಕಟ್ಟಿ, ಜನವರಿಯಲ್ಲಿ ಒಣಹುಲ್ಲಾಗುವುದನ್ನು ಕಂಡ ಮಗುವಿಗೆ ಋತುಚಕ್ರವೆಂಬ ಮಾತಿನ ವಿವರಣೆ ಬೇಕಾಗಲಾರದು.

ಮೊದಲ ಮಳೆಗೆ ತಲೆಯೆತ್ತುವ ಗಿಡಗಳಲ್ಲಿ ತಗಚೆ ಒಂದು. ಇದು ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಕರ. ಮೂರು ಜೊತೆ ಕಿರುಎಲೆಗಳು; ಸಂಜೆಯಾಗುತ್ತಲೇ ಅವು ಮಡಚಿಕೊಳ್ಳುತ್ತವೆ. ಆಟಿ ತಿಂಗಳಲ್ಲಿ ತುಳುವರ ಮನೆಗಳಲ್ಲಿಯೂ, ಅದೇ ಕಾಲದ ಕರ್ಕಾಟಕ ಮಾಸದಲ್ಲಿ ಮಲಯಾಳಿಗಳ ಮನೆಗಳಲ್ಲಿಯೂ ಇದರ ಎಳೆಯ ಸೊಪ್ಪು ಅಡುಗೆಗೆ ಸಲ್ಲುತ್ತದೆ. ಮೂರು ಹೆಸರುಗಳನ್ನೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ಅವು ಒಡಹುಟ್ಟಿದ ಪದಗಳೆಂದು ಮಕ್ಕಳೇ ಹೇಳುತ್ತಾರೆ. ವಿಜ್ಞಾನದ ಪಾಠ ಅಲ್ಲಿಯೇ ಭಾಷಾಶಾಸ್ತ್ರದ ಪಾಠವೂ ಆಗುತ್ತದೆ.

ಇದೇ ತಗಚೆಯ ಎಲೆಯ ಮೇಲೆ ಸಣ್ಣ ಹಳದಿ ಚಿಟ್ಟೆ ಮೊಟ್ಟೆಯಿಡುತ್ತದೆ. ಅದರ ಹಸುರು ಕಂಬಳಿಹುಳು ಈ ಸೊಪ್ಪನ್ನೇ ತಿಂದು ಬೆಳೆಯುತ್ತದೆ. ಆಗಸ್ಟ್ 15ರ ಉತ್ಸವಕ್ಕೆ ಮುನ್ನ ಶಾಲೆಯ ಬಯಲನ್ನು ಬೋಳಾಗಿ ಸವರಿ ಶುಚಿಗೊಳಿಸುವ ವಾಡಿಕೆ ಎಲ್ಲೆಡೆಯೂ ಇದೆ. ಧ್ವಜಕಟ್ಟೆಯ ಸುತ್ತ ಸವರುವುದು ಯೋಗ್ಯವೇ. ಆದರೆ ಬೇಲಿಯುದ್ದಕ್ಕೂ ಎರಡು ಮೊಳ ಅಗಲದ ಪಟ್ಟಿಯನ್ನು ಮುಟ್ಟದೆ ಬಿಟ್ಟರೆ ಆ ಚಿಟ್ಟೆಯ ತೊಟ್ಟಿಲು ಉಳಿಯುತ್ತದೆ. ಇದಕ್ಕೆ ಯಾವ ಖರ್ಚೂ ಇಲ್ಲ. ಬಿಡಬೇಕೆಂಬ ಒಂದು ಆಜ್ಞೆ ಸಾಕು.

ಮಳೆಯ ಲೆಕ್ಕ

ಮೇಲೂ ಕೆಳಗೂ ಒಂದೇ ಅಗಲವಿರುವ ನೆಟ್ಟನೆಯ ಡಬ್ಬಿಯೊಂದನ್ನು ಮರದಿಂದಲೂ ಮಾಡಿನಿಂದಲೂ ದೂರವಾಗಿ ಬಯಲಿನಲ್ಲಿ ನಿಲ್ಲಿಸಿ, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರನ್ನು ಅಳತೆಕೋಲಿನಿಂದ ಮಿಲಿಮೀಟರಿನಲ್ಲಿ ಅಳೆದರೆ ಅದೇ ಮಳೆಮಾಪಕ. ಹವಾಮಾನ ಇಲಾಖೆ ಅಳೆಯುವ ಹೊತ್ತೂ ಅದೇ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಈ ಒಂದು ಸೂತ್ರ ತಿಳಿದ ಮಗು, 300 ಚದರ ಮೀಟರಿನ ಶಾಲೆಯ ಮಾಡಿನ ಮೇಲೆ 50 ಮಿಲಿಮೀಟರು ಸುರಿದ ದಿನ 15,000 ಲೀಟರು ನೀರು ಬಿದ್ದಿತೆಂದು ತಾನೇ ಲೆಕ್ಕ ಹಾಕುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಅದೇ ಮಾಡಿನ ಮೇಲೆ ಬೀಳುವ ನೀರು ಒಂಬತ್ತು ಲಕ್ಷ ಲೀಟರಿಗೆ ಮೇಲೆ. ಹಾಗಿದ್ದೂ ಏಪ್ರಿಲಿನಲ್ಲಿ ಬಾವಿ ಏಕೆ ಬತ್ತುತ್ತದೆ?

ಈ ಪ್ರಶ್ನೆಗೂ ಬಯಲಿನಲ್ಲೇ ಉತ್ತರ ಹುಡುಕಬಹುದು. ಎರಡೂ ಬದಿ ತೆರೆದ ಡಬ್ಬಿಯನ್ನು ಬೋಳುನೆಲದಲ್ಲಿ, ಹುಲ್ಲುನೆಲದಲ್ಲಿ, ಮರದಡಿಯ ತರಗೆಲೆಯ ನೆಲದಲ್ಲಿ ಒಂದೊಂದು ಅಂಗುಲ ಊರಿ, ಒಂದೊಂದು ಲೀಟರು ನೀರು ಹೊಯ್ದು, ಇಂಗಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆಯಲಿ. ಮೂರು ಅಂಕಿಗಳನ್ನು ಹೋಲಿಸಿದ ಮಕ್ಕಳಿಗೆ, ಗುಡ್ಡದ ಹಸುರಿಗೂ ಗುಡ್ಡದ ಹೊಟ್ಟೆಯಲ್ಲಿ ಕೊರೆದ ಸುರಂಗದ ನೀರಿಗೂ ಇರುವ ಸಂಬಂಧ ತಿಳಿಯುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಯಂತ್ರವಿಲ್ಲದೆ ನೀರನ್ನು ಅಂಗಳಕ್ಕೆ ಹರಿಸಿಕೊಂಡ ನಮ್ಮ ಹಿರಿಯರ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಆ ಕಲ್ಲಿನ ಹೆಸರೂ ಒಂದು ಪಾಠ. ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು 1807ರ ತನ್ನ ಗ್ರಂಥದಲ್ಲಿ ಕೊಟ್ಟನು. ಕನ್ನಡದ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆ ಅಡಗಿದೆ. ಮಲಯಾಳದಲ್ಲಿ ಅದು ವೆಟ್ಟುಕಲ್ಲು, ಎಂದರೆ ಕಡಿಯಬಹುದಾದ ಕಲ್ಲು. ನೆಲದೊಳಗಿರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವ ಗುಣವನ್ನು ಎಲ್ಲರೂ ಗಮನಿಸಿಯೇ ಹೆಸರಿಟ್ಟಿದ್ದಾರೆ. ನಮ್ಮ ಶಾಲೆಗಳ ಗೋಡೆಯೂ ಅದೇ ಕಲ್ಲಿನದಲ್ಲವೆ?

ಮಳೆನಕ್ಷತ್ರಗಳನ್ನೂ ಮರೆಯಬಾರದು. ಜೂನ್ 22ರ ಸುಮಾರಿಗೆ ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ಕನ್ನಡದ ರೈತನಿಗೆ ಅದು ಆರಿದ್ರಾ ಮಳೆ; ಮಲಯಾಳದ ರೈತನಿಗೆ ತಿರುವಾತಿರ ಞಾಟ್ಟುವೇಲ, ಕರಿಮೆಣಸಿನ ಬಳ್ಳಿ ನೆಡುವ ಕಾಲ. ಡಬ್ಬಿಯ ಲೆಕ್ಕವನ್ನು ತಿಂಗಳ ಜೊತೆಗೆ ಮಳೆನಕ್ಷತ್ರದ ಪ್ರಕಾರವೂ ಕೂಡಿಸಿಟ್ಟರೆ, ಹಿರಿಯರ ಮಾತು ಈಗ ಎಷ್ಟರಮಟ್ಟಿಗೆ ನಿಜವಾಗುತ್ತಿದೆ ಎಂಬುದನ್ನು ಮಕ್ಕಳು ಮನೆಯ ಅಜ್ಜನೊಡನೆ ಚರ್ಚಿಸಬಲ್ಲರು.

ಕೋಲಿನ ನೆರಳು

ಒಂದು ಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಲಿ. ಅತಿ ಗಿಡ್ಡ ನೆರಳು ಬೀಳುವ ಹೊತ್ತೇ ನಿಜವಾದ ಮಧ್ಯಾಹ್ನ. ಅದು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಸರಾಸರಿಯಲ್ಲಿ ಹನ್ನೆರಡೂವರೆಯ ಹೊತ್ತಿಗೆ ಆಗುತ್ತದೆ, ವರ್ಷದಲ್ಲಿ ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ. ಭಾರತದ ಗಡಿಯಾರ 82½ ಡಿಗ್ರಿ ರೇಖಾಂಶದ್ದು, ನಮ್ಮ ಊರು ಸುಮಾರು 75 ಡಿಗ್ರಿಯದ್ದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆ. ಭೂಗೋಳದ ಪುಸ್ತಕದಲ್ಲಿ ಮಕ್ಕಳನ್ನು ಗಾಬರಿಗೊಳಿಸುವ ರೇಖಾಂಶ ಇಲ್ಲಿ ಕಲ್ಲುಗಳ ಸಾಲಾಗಿ ಕಣ್ಣ ಮುಂದೆ ನಿಲ್ಲುತ್ತದೆ.

ಡಿಸೆಂಬರ್ 22ರ ಸುಮಾರಿಗೆ ಈ ಕೋಲಿನ ಮಧ್ಯಾಹ್ನದ ನೆರಳು ಉತ್ತರಕ್ಕೆ 73 ಸೆಂಟಿಮೀಟರಿನಷ್ಟು ಚಾಚುತ್ತದೆ. ಏಪ್ರಿಲ್ 23ರ ಆಸುಪಾಸಿನಲ್ಲಿ ನೆರಳೇ ಇಲ್ಲವಾಗುತ್ತದೆ. ಅನಂತರ ಅದು ದಕ್ಷಿಣಕ್ಕೆ ತಿರುಗುತ್ತದೆ. ಜೂನ್ ತಿಂಗಳಲ್ಲಿ ಮೋಡ ಹರಿದ ಒಂದು ಮಧ್ಯಾಹ್ನ ಸಿಕ್ಕಿದರೆ ಮಕ್ಕಳು ಅದನ್ನೂ ನೋಡಬಹುದು.

ಮಾಡಿನಂಚಿನ ಗುಳಿ, ಗೇರುಮರದ ಗೂಡು

ಬೇಸಗೆಯಲ್ಲಿ ಶಾಲೆಯ ಮಾಡಿನಂಚಿನ ಕೆಳಗೆ, ಮಳೆನೀರು ತಾಗದ ನುಣ್ಣನೆಯ ಧೂಳಿನಲ್ಲಿ ಲಾಳಿಕೆಯಂತಹ ಸಣ್ಣ ಗುಳಿಗಳನ್ನು ಎಲ್ಲರೂ ಕಂಡಿರುತ್ತಾರೆ. ಅದರ ತಳದಲ್ಲಿ ಅಡಗಿರುವ ಹುಳು, ಜಾರಿ ಬಿದ್ದ ಇರುವೆಯ ಮೇಲೆ ಧೂಳೆರಚಿ ಹಿಡಿಯುತ್ತದೆ, ನಡೆಯುವುದು ಹಿಂದುಹಿಂದಕ್ಕೆ. ಬೆಳೆದ ಮೇಲೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ರೆಕ್ಕೆಯ ಕೀಟವಾಗಿ ಹಾರುತ್ತದೆ. ಇಂಗ್ಲಿಷರು ಇದನ್ನು ಇರುವೆಗಳ ಸಿಂಹವೆಂದರು. ಮಲಯಾಳದವರು ಕುಳಿಯಾನೆ ಎಂದರು. ಒಬ್ಬರು ಬೇಟೆಯನ್ನು ನೋಡಿದರು, ಇನ್ನೊಬ್ಬರು ಗುಳಿಯನ್ನು ನೋಡಿದರು. ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಇಡೀ ತರಗತಿ ಮಾತಾಡುತ್ತದೆ. ಹಿಂದಿನ ಬೆಂಚಿನಲ್ಲಿ ಸುಮ್ಮನಿರುವ ಮಗುವೂ ಮಾತಾಡುತ್ತದೆ.

ಮಾವು, ಗೇರು ಮರಗಳಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಜಿಗವನ್ನು, ಎಂದರೆ ಚಗಳಿಯನ್ನು, ದೂರ ನಿಂತು ಗಮನಿಸಲಿ. ದುಡಿಯುವ ಇರುವೆಗಳು ಸರಪಣಿಯಾಗಿ ಎಲೆಯಂಚನ್ನು ಎಳೆದು ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ, ಅವುಗಳಿಂದ ಹೊರಡುವ ರೇಷ್ಮೆಯಿಂದ ಮಗ್ಗದ ಲಾಳಿಯಾಡಿಸಿದಂತೆ ಎಲೆಗಳನ್ನು ಬೆಸೆಯುತ್ತವೆ. ಗೇರಿನ ಚಿಗುರನ್ನು ಕೆಡಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಹಿಡಿಯುವುದೂ ಇವೇ ಇರುವೆಗಳು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕಾಗಿದೆ. ಅದೇ ಟೀ ಸೊಳ್ಳೆಯನ್ನು ಕೊಲ್ಲಲೆಂದು ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುವ ಪದ್ಧತಿ ಎರಡು ದಶಕಗಳಿಗೂ ಮೀರಿ, 2000ದ ವರೆಗೆ ನಡೆಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷಕ್ಕೆ ದೇಶದಾದ್ಯಂತ ತಡೆಯಾಜ್ಞೆ ನೀಡಿತು. ಎಣ್ಮಕಜೆ ಮೊದಲಾದ ಗ್ರಾಮಗಳ ಮನೆಗಳಲ್ಲಿ ಅದರ ನೋವು ಇನ್ನೂ ಹಾಸಿಗೆ ಹಿಡಿದು ಮಲಗಿದೆ. ಜೇನು ಹೋಯಿತು, ಕಪ್ಪೆಯ ಕೂಗು ನಿಂತಿತು ಎಂಬ ಮಾತು ಹಳ್ಳಿಗರ ಬಾಯಲ್ಲಿತ್ತು. ಆ ವರ್ಷಗಳಲ್ಲಿ ಒಂದೊಂದು ಶಾಲೆಯಲ್ಲಿಯೂ ಜೇನು, ಕಪ್ಪೆ, ಮೀನು, ಇರುವೆಗಳ ಎಣಿಕೆಯ ಪುಸ್ತಕವಿದ್ದಿದ್ದರೆ ಆ ಬಾಯಿಮಾತಿಗೆ ಮಕ್ಕಳ ಕೈಬರಹದ ಸಾಕ್ಷ್ಯ ಒದಗುತ್ತಿತ್ತು. ಪರಿವೀಕ್ಷಣೆ ಮಕ್ಕಳ ಆಟವೆಂದು ತಿಳಿಯುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಎರಡು ಪುಸ್ತಕಗಳು

ಆದ್ದರಿಂದ ಪ್ರತಿ ಶಾಲೆಯಲ್ಲಿ ಎರಡು ದಪ್ಪ ಪುಸ್ತಕಗಳು ಇರಲಿ ಎಂದು ನಮ್ಮ ಸೂಚನೆ. ಮೊದಲನೆಯದು ಎಣಿಕೆಯ ಪುಸ್ತಕ. ಮಳೆ, ನೆರಳು, ಚೌಕದ ಗಿಡಗಳು, ಮೊದಲ ಕಪ್ಪೆಯ ಕೂಗು, ಕಕ್ಕೆ ಅರಳಿದ ದಿನ ಇವೆಲ್ಲ ತಾರೀಖಿನೊಡನೆ ಅದರಲ್ಲಿ ದಾಖಲಾಗಬೇಕು. ವಿಷುವಿಗೆ ಅರಳಬೇಕಾದ ಕಕ್ಕೆ, ಮಲಯಾಳದ ಕಣಿಕ್ಕೊನ್ನ, ಈಗ ಮುಂಚಿತವಾಗಿಯೇ ಅರಳುತ್ತಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಶಾಲೆಯ ಒಂದೇ ಮರದ ಹತ್ತು ವರ್ಷಗಳ ತಾರೀಖು ಎದುರಿಗಿದ್ದರೆ ಆ ಮಾತನ್ನು ನಾವೇ ಪರೀಕ್ಷಿಸಬಹುದು. ಮರಗಳ ಎಲೆ, ಹೂ, ಕಾಯಿಗಳನ್ನು ವಾರವಾರವೂ ಗುರುತಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಕೇರಳದ ಅನೇಕ ಶಾಲೆಗಳು ಭಾಗವಹಿಸಿವೆ. ಕನ್ನಡ ಶಾಲೆಗಳೂ ಅದರಲ್ಲಿ ಹಿಂದೆ ಬೀಳಬಾರದು.

ಎರಡನೆಯದು ಹೆಸರಿನ ಪುಸ್ತಕ. ಒಂದು ಪುಟಕ್ಕೆ ಒಂದು ಗಿಡ ಅಥವಾ ಜೀವಿ. ಮೇಲೆ ಮಗುವೇ ಬರೆದ ಚಿತ್ರ, ಕೆಳಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಹೆಸರುಗಳು, ಹೆಸರು ಹೇಳಿದ ಹಿರಿಯರ ಊರು, ಅದರ ಉಪಯೋಗ. ಮುಟ್ಟಿದರೆ ಮುನಿ ತೊಟ್ಟಾವಾಡಿಯ ಪಕ್ಕದಲ್ಲಿ, ಕೇಪುಳ ತೆಚ್ಚಿಯ ಪಕ್ಕದಲ್ಲಿ, ಕೆಸು ತೇವು ಚೇಂಬುಗಳ ಪಕ್ಕದಲ್ಲಿ ಕುಳಿತಿರಲಿ. ಇತರ ಭಾಷೆಗಳಿಗೆ ಎಡೆಗೊಟ್ಟರೆ ಕನ್ನಡಕ್ಕೆ ಕುಂದಾದೀತೆಂಬ ಅಳುಕು ಬೇಡ. ತನ್ನ ಮನೆಯ ಮಾತಿಗೆ ಮಾನವಿತ್ತ ತರಗತಿಯಲ್ಲಿ ಮಗು ಕನ್ನಡವನ್ನು ಮನಸಾರೆ ಸ್ವೀಕರಿಸುತ್ತದೆ.

ಎಚ್ಚರಿಕೆಯ ಮಾತುಗಳು

ಬಯಲಿಗಿಳಿಯುವ ಮುನ್ನ ಮೂರು ನಿಯಮಗಳು ಖಚಿತವಾಗಿರಬೇಕು. ಯಾವುದನ್ನೂ ಬಾಯಿಗೆ ಹಾಕಬಾರದು. ಕಾಸರಕದ ಬೀಜ, ಕಣಗಿಲೆ ಪ್ರಾಣಾಂತಕ, ಎಕ್ಕದ ಹಾಲು ಕಣ್ಣಿಗೆ ಅಪಾಯ, ಚೇರೆಮರದ ಸೊನೆ ಮೈಯನ್ನು ಸುಡುತ್ತದೆ. ಕಲ್ಲಿನಡಿ, ಬಿಲದೊಳಗೆ, ತರಗೆಲೆಯ ರಾಶಿಯಲ್ಲಿ ಕೈಯಿಡಬಾರದು. ಗುಡುಗು ಕೇಳಿದೊಡನೆ ಎಲ್ಲರೂ ಒಳಗೆ ಬರಬೇಕು. ತುಲಾಮಾಸದ ಮಧ್ಯಾಹ್ನದ ಸಿಡಿಲು ನಮ್ಮ ಗುಡ್ಡಗಳಲ್ಲಿ ಹುಡುಗಾಟವಲ್ಲ. ಗಿಡ ಕೀಳುವುದು, ಗೂಡು ಕೆಡವುವುದು ಪರಿವೀಕ್ಷಣೆಯಲ್ಲ ಎಂಬುದನ್ನೂ ಮೊದಲ ದಿನವೇ ತಿಳಿಸಬೇಕು.

ಎರಡು ಆಕ್ಷೇಪಗಳು

ಪಠ್ಯ ಮುಗಿಸಲೇ ಹೊತ್ತು ಸಾಲದು ಎಂಬುದು ಮೊದಲ ಆಕ್ಷೇಪ. ಮೇಲೆ ಹೇಳಿದ ಪ್ರಯೋಗಗಳು ಪಠ್ಯಕ್ಕೆ ಹೊರಗಲ್ಲ: ಗಣಿತದ ಕ್ಷೇತ್ರಫಲ, ಭೂಗೋಳದ ರೇಖಾಂಶ, ಜೀವಶಾಸ್ತ್ರದ ರೂಪಾಂತರ, ಭಾಷೆಯ ವರದಿ ಬರವಣಿಗೆ ಎಲ್ಲವೂ ಅಲ್ಲಿವೆ. ವಾರಕ್ಕೆ ಒಂದು ಅವಧಿಯನ್ನು ಹೊರಗೆ ಕಳೆದರೆ ಒಳಗಿನ ಮೂರು ಅವಧಿಗಳು ಹಗುರಾಗುತ್ತವೆಂಬುದು ನಮ್ಮ ಅನುಭವ. ನಮಗೇ ಗಿಡಗಳ ಹೆಸರು ತಿಳಿಯದು ಎಂಬುದು ಎರಡನೆಯದು. ತಿಳಿಯದೆಂದು ಹೇಳಿ ಮಕ್ಕಳೊಡನೆ ಹುಡುಕುವ ಉಪಾಧ್ಯಾಯನೇ ಈ ಪಾಠಕ್ಕೆ ಅರ್ಹನು. ಹೆಸರು ತಿಳಿದ ಅಜ್ಜಿಯೊಬ್ಬರು ಊರಿನಲ್ಲಿ ಇದ್ದೇ ಇರುತ್ತಾರೆ; ಅವರನ್ನು ಒಂದು ದಿನ ಶಾಲೆಗೆ ಕರೆತಂದು ಕುರ್ಚಿ ಕೊಟ್ಟು ಕೂರಿಸೋಣ.

ಇತರ ಗಡಿಭಾಗಗಳ ಬಂಧುಗಳಿಗೆ ಅವರವರ ಬಯಲೇ ಬೇರೆ ಪಾಠ ಕೊಡುತ್ತದೆ. ಸೊಲ್ಲಾಪುರ, ಜತ್ತಗಳ ಎರೆನೆಲ ಬೇಸಗೆಯಲ್ಲಿ ಬಿರಿಯುವಾಗ ಬಿರುಕಿನ ಅಗಲ ಆಳಗಳನ್ನು ಅಳೆಯಬಹುದು. ನೀಲಗಿರಿಯ ಮಕ್ಕಳು ಚಳಿಗಾಲದ ಬೆಳಗಿನಲ್ಲಿ ಹುಲ್ಲಿನ ಮೇಲೆ ಕಟ್ಟಿದ ಹಿಮವನ್ನು ದಾಖಲಿಸಬಹುದು. ಅಲ್ಲಿಯ ಕುರಿಂಜಿ 2006ರಲ್ಲಿಯೂ 2018ರಲ್ಲಿಯೂ ಅರಳಿತು. ಹನ್ನೆರಡು ವರ್ಷಗಳ ಲೆಕ್ಕದಂತೆ 2030ರಲ್ಲಿ ಮತ್ತೆ ಅರಳಬೇಕು. ಅದನ್ನು ಬರೆದಿಡುವವರು ಈಗ ಕೆಳಗಿನ ತರಗತಿಗಳಲ್ಲಿ ಕುಳಿತಿರುವ ಮಕ್ಕಳೇ.

ಕಡೆಯದಾಗಿ ಒಂದು ಅರಿಕೆ. ಮುಂದಿನ ಶಾಲಾವರ್ಷದ ಕೊನೆಯೊಳಗೆ ಗಡಿನಾಡಿನ ಒಂದೊಂದು ಕನ್ನಡ ಶಾಲೆಯೂ ತನ್ನ ಬೇಲಿಯೊಳಗಿನ ಐವತ್ತು ಗಿಡಗಳ, ಜೀವಿಗಳ ಹೆಸರನ್ನು ಎಲ್ಲ ಮನೆಮಾತುಗಳಲ್ಲಿ ಸಂಗ್ರಹಿಸಿ ಸಂಘಕ್ಕೆ ಕಳುಹಿಸಿಕೊಡಲಿ. ನೂರು ಶಾಲೆಗಳಿಂದ ಐದು ಸಾವಿರ ಪುಟಗಳಾದಾವು. ಪಂಡಿತರು ಕುಳಿತು ರಚಿಸಲಾರದ ಒಂದು ಕೋಶವನ್ನು ನಮ್ಮ ಮಕ್ಕಳು ನೆಲದ ಮೇಲೆ ಕುಳಿತು ರಚಿಸಿದಂತಾಗುತ್ತದೆ. ಜೂನ್ ತಿಂಗಳ ಮೊದಲ ವಾರಕ್ಕೆ ನಾಲ್ಕು ಗೂಟಗಳನ್ನೂ ಒಂದು ಹಗ್ಗವನ್ನೂ ಸಿದ್ಧವಾಗಿಟ್ಟುಕೊಳ್ಳಬೇಕೆಂದು ಉಪಾಧ್ಯಾಯ ಬಂಧುಗಳಲ್ಲಿ ಪ್ರಾರ್ಥಿಸುತ್ತೇವೆ.